ದೊಡ್ಡಪ್ಪನನ್ನು ಕಾಯ್ದ ಮೂವರು ಮಹನೀಯರಿಗೆ

ಮಾನ್ಯ ಗುರಾಣಿಯವರೇ, ಮಾನ್ಯ ಗೂಬೆಯವರೇ, ಮಾನ್ಯ ಮುಷ್ಟಿಯವರೇ,

ಮೂವರಿಗೂ ಒಂದೇ ಅಳತೆಯ ನಮಸ್ಕಾರಗಳು. ಯಾರ ಹೆಸರನ್ನು ಮೊದಲು ಬರೆಯಬೇಕೆಂದು ಬಹಳ ತಲೆ ಕೆಡಿಸಿಕೊಂಡೆ. ಒಬ್ಬರನ್ನು ಮುಂದಿಟ್ಟರೆ ಉಳಿದಿಬ್ಬರು ಸೇರಿ ಅವರನ್ನು ಹಿಡಿದು ಒಳಗೆ ಹಾಕಿಬಿಡುತ್ತೀರಿ ಎಂಬುದನ್ನು ಕಣ್ಣಾರೆ ಕಂಡವನಾದ್ದರಿಂದ, ನಮ್ಮ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ತಮ್ಮ ಚಿತ್ರಗಳು ಯಾವ ಸಾಲಿನಲ್ಲಿ ಕೂತಿದ್ದವೋ ಅದೇ ಸಾಲಿನಲ್ಲಿ ಬರೆದಿದ್ದೇನೆ. ತಾವು ಮೂವರೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮವಾಗಿದ್ದೇವೆ. ತಾವು ಈಗ ನಮ್ಮ ಮನೆಯಲ್ಲಿಲ್ಲ.

ತಮ್ಮ ಅಳಿದುಳಿದ ಸಾಮಾನನ್ನು ಕಂಪ್ಯೂಟರಿನಿಂದ ತೆಗೆಯುವಾಗ ತಾವು ಒಬ್ಬೊಬ್ಬರೂ ಒಂದೊಂದು ಪುಟ್ಟ ಚೌಕ ತೋರಿಸಿ, ‘ನಮ್ಮನ್ನು ಏಕೆ ಬಿಡುತ್ತಿದ್ದೀರಿ? ದಯವಿಟ್ಟು ಕಾರಣ ತಿಳಿಸಿ’ ಎಂದು ಕೇಳಿದಿರಿ. ಕೇಳಿದ್ದು ತಮ್ಮ ದೊಡ್ಡತನ. ಆದರೆ ಆ ಚೌಕದಲ್ಲಿ ‘ಮಾನ್ಯರೇ’ ಎಂದು ಬರೆಯುವಷ್ಟರಲ್ಲಿ ಜಾಗ ಮುಗಿದುಹೋಯಿತು. ನಮ್ಮ ಕಾರಣಕ್ಕೆ ಒಂದು ಗೋಡೆಯಾದರೂ ಬೇಕು. ಅದಕ್ಕೇ ಈ ಬಹಿರಂಗ ಪತ್ರ. ತಮ್ಮನ್ನು ಮನೆಗೆ ಕರೆಯಲು ಹೊರಟಿರುವ ಬೇರೆಯವರೂ ಓದಿಕೊಳ್ಳಲಿ.

ನಾನು ಅಪ್ಪನ ಬೀಗದಂಗಡಿಯಲ್ಲಿ ಕೀಲಿಕೈ ಕೊರೆಯುವವನು. ಹತ್ತನೇ ತರಗತಿಯವರೆಗೆ ಓದಿದ್ದೇನೆ. ಕೂತಲ್ಲಿ ಕೂರಲಾರದವನು ಎಂದು ಮನೆಯಲ್ಲಿ ಹೆಸರಿದೆ. ಈ ಪತ್ರವನ್ನೂ ಅರ್ಧ ನಿಂತು, ಅರ್ಧ ಓಡಾಡುತ್ತ ಬರೆದಿರುವುದರಿಂದ ಸಾಲುಗಳು ಅಲ್ಲಲ್ಲಿ ಓಡಿದರೆ ಕ್ಷಮಿಸಬೇಕು. ಮನೆಯಲ್ಲಿ ಅಪ್ಪ, ಅಜ್ಜಿ, ಅಕ್ಕ ಮತ್ತು ನಾನು. ಐದನೆಯವರು ದೊಡ್ಡಪ್ಪ, ಅಂದರೆ ನಮ್ಮ ಕಂಪ್ಯೂಟರು. ಮುಚ್ಚಿಹೋದ ಯಾವುದೋ ಆಫೀಸಿನವರು, ತಮ್ಮ ಬೀರುಗಳ ಬೀಗ ತೆಗೆದುಕೊಟ್ಟ ಅಪ್ಪನ ತಲೆಗೆ ಇದನ್ನು ಕಟ್ಟಿ ಕಳಿಸಿದರು. ಅಂದಿನಿಂದ ಅದು ನಡುಮನೆಯಲ್ಲಿ, ಹೊಲಿಗೆ ಯಂತ್ರಕ್ಕೂ ಚಪ್ಪಲಿ ಸ್ಟ್ಯಾಂಡಿಗೂ ನಡುವೆ ಕೂತಿದೆ. ಎಬ್ಬಿಸಿದರೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತದೆ, ಆಮೇಲೆ ದೊಡ್ಡದಾಗಿ ಉಸಿರೆಳೆದುಕೊಳ್ಳುತ್ತದೆ, ಆಮೇಲೆ ತಾನು ಯಾರ ಮನೆಯಲ್ಲಿದ್ದೇನೆಂದು ನೆನಪಿಸಿಕೊಳ್ಳುತ್ತದೆ. ದೊಡ್ಡಪ್ಪ ಎಂಬ ಹೆಸರು ಹಾಗೆ ಬಂತು. ನಿಧಾನವಾದರೂ ಕೆಲಸ ಮಾಡುತ್ತಿದ್ದರು. ಅಪ್ಪ ಅದರಲ್ಲಿ ಬೇರೆ ಬೇರೆ ಬೀಗಗಳ ಹೊಟ್ಟೆಯೊಳಗಿನ ಚಿತ್ರ ನೋಡುತ್ತಿದ್ದರು, ಅಕ್ಕ ತನ್ನ ದನಿ ರೆಕಾರ್ಡ್ ಮಾಡಿ ಕೇಳುತ್ತಿದ್ದಳು, ಅಜ್ಜಿ ಉಳಿದ ಹೊತ್ತೆಲ್ಲ ಇಸ್ಪೀಟು ಆಡುತ್ತಿದ್ದರು.

ಒಂದು ದಿನ ಇಸ್ಪೀಟಿನ ನಡುವೆ ಪರದೆಯ ಮೇಲೆ ಕೆಂಪು ಹಲಗೆಯೊಂದು ಎದ್ದು ನಿಂತು, ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ!’ ಎಂದಿತು.

‘ಯಾರಿಂದ?’ ಎಂದು ಅಜ್ಜಿ ಕೇಳಿದರು. ಹಲಗೆ ಹೇಳಲಿಲ್ಲ. ‘ಹೆಸರು ಹೇಳದೆ ಹೆದರಿಸೋನು ಯಾವತ್ತೂ ಸಾಚಾ ಅಲ್ಲ ಕಣೋ,’ ಎಂದು ಅಜ್ಜಿ ರಾಣಿಯ ಮೇಲೆ ರಾಜನನ್ನು ಇಡಲು ಹೋಗಿ, ಆಗುವುದಿಲ್ಲವೆಂದು ಗೊತ್ತಾಗಿ ಸುಮ್ಮನಾದರು.

ನಾವೂ ಅಲ್ಲಿಗೇ ಸುಮ್ಮನಾಗಿದ್ದರೆ ತಮ್ಮ ಪರಿಚಯದ ಭಾಗ್ಯ ನಮಗೆಲ್ಲಿ ಬರುತ್ತಿತ್ತು? ನಾನು ಸುಮ್ಮನಿರುವವನಲ್ಲ. ಹಳೆಯ ಕಂಪ್ಯೂಟರಿಗೆ ಯಾವ ಆ್ಯಂಟಿವೈರಸ್ ಒಳ್ಳೆಯದು ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಒಂದು ಕಡೆ ಗುರಾಣಿಯವರು ಮೊದಲು, ಇನ್ನೊಂದು ಕಡೆ ಗೂಬೆಯವರು ಮೊದಲು, ಮತ್ತೊಂದು ಕಡೆ ಮುಷ್ಟಿಯವರೇ ಮೊದಲು. ನಮ್ಮ ಶಾಲೆಯಲ್ಲಿ ಒಂದು ತರಗತಿಗೆ ಒಬ್ಬರೇ ಮೊದಲು ಬರುತ್ತಿದ್ದರು. ನಿಮ್ಮ ಶಾಲೆಯಲ್ಲಿ ಯಾರ ಮನಸ್ಸೂ ನೋಯಬಾರದೆಂದು ಎಲ್ಲರನ್ನೂ ಮೊದಲು ಬರಿಸುವ ಪದ್ಧತಿ ಇದೆಯೆಂದು ತಿಳಿದು ಹೊಟ್ಟೆಕಿಚ್ಚಾಯಿತು. ‘ಹಳೆಯ ಕಂಪ್ಯೂಟರಿಗೆ ಹೂವಿನಷ್ಟು ಹಗುರ’ ಎಂದು ಮೂವರೂ ಬರೆದುಕೊಂಡಿದ್ದಿರಿ. ಅದು ಯಾವ ಹೂವೋ, ಅದನ್ನು ಹೊತ್ತ ದೊಡ್ಡಪ್ಪನಿಗೆ ಮಾತ್ರ ಗೊತ್ತು.

ಮೂವರಲ್ಲಿ ಯಾರು ಎಂಬ ಪ್ರಶ್ನೆಯನ್ನು ಅಪ್ಪನ ಮುಂದಿಟ್ಟೆ. ಇಲ್ಲಿ ನಮ್ಮ ಮನೆಯ ಪದ್ಧತಿಯೊಂದನ್ನು ತಿಳಿಸಬೇಕು. ನಮ್ಮ ಮುಂಬಾಗಿಲಿಗೆ ಮೂರು ಬೀಗಗಳಿವೆ. ಒಂದನ್ನು ಮಾಡಿದವನು ಇನ್ನೊಂದನ್ನು ಮಾಡಿಲ್ಲ, ಒಂದರ ಕೀಲಿಕೈ ಅಪ್ಪನ ಹತ್ತಿರ, ಒಂದರದು ಅಕ್ಕನ ಹತ್ತಿರ, ಒಂದರದು ನನ್ನ ಹತ್ತಿರ. ಎಲ್ಲರೂ ಹೊರಗೆ ಹೋದ ದಿನ ಮೂವರೂ ವಾಪಸು ಸೇರುವವರೆಗೆ ಮನೆಯೊಳಗೆ ಕಳ್ಳನೂ ಹೋಗಲಾರ, ನಾವೂ ಹೋಗಲಾರೆವು. ಊರಿನ ಹೆಸರಾಂತ ಬೀಗದವರ ಸಂಸಾರ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿರುತ್ತದೆ. ಅಪ್ಪನಿಗೆ ಅದರ ಬಗ್ಗೆ ಹೆಮ್ಮೆಯೇ ಹೊರತು ಬೇಸರವಿಲ್ಲ.

‘ಒಂದು ಬೀಗ ಹಾಕಿದ್ರೆ ಕಳ್ಳನಿಗೆ ಒಂದೇ ಕೆಲಸ ಕಣೋ. ಮೂರು ಹಾಕು, ಅವನಿಗೆ ಹೆಂಡತಿ ಮಕ್ಕಳು ನೆನಪಾಗ್ತಾರೆ,’ ಎಂದರು ಅಪ್ಪ. ‘ಮೂರನ್ನೂ ಹಾಕು. ಪಾಸ್‌ವರ್ಡು ಒಬ್ಬೊಬ್ಬರ ಹತ್ತಿರ ಒಂದೊಂದು. ಯಾರೂ ಯಾರಿಗೂ ಹೇಳೋ ಹಾಗಿಲ್ಲ.’

ಹೀಗೆ ತಾವು ಮೂವರೂ ಒಂದೇ ದಿನ, ಒಂದೇ ಹೊಸಿಲು ದಾಟಿ ಬಂದಿರಿ. ಗುರಾಣಿಯವರನ್ನು ಅಪ್ಪ ಆರಿಸಿಕೊಂಡರು, ಕಾರಣ ಅವರ ಚಿತ್ರ ಹಳೆಯ ಕಾಲದ ಗಟ್ಟಿ ಬೀಗದಂತೆ ಇತ್ತು. ಗೂಬೆಯವರನ್ನು ಅಕ್ಕ ಆರಿಸಿಕೊಂಡಳು, ಕಾರಣ ಅವರು ನಿದ್ದೆ ಮಾಡುವುದಿಲ್ಲವೆಂದು ಬರೆದಿತ್ತು. ಮುಷ್ಟಿಯವರು ನನ್ನ ಪಾಲಿಗೆ. ವೈರಸ್ಸನ್ನು ಕಂಡರೆ ಗುದ್ದುತ್ತಾರೆ ಎಂದು ಓದಿದ ಮೇಲೆ ನನಗೆ ಬೇರೆ ಯಾರೂ ಕಣ್ಣಿಗೆ ಬೀಳಲಿಲ್ಲ. ಉತ್ಸಾಹದಲ್ಲಿ ಪಾಸ್‌ವರ್ಡನ್ನು ಎಷ್ಟು ಕಷ್ಟದ್ದು ಇಟ್ಟೆನೆಂದರೆ, ಅದನ್ನು ಕಳ್ಳರು ಕಂಡುಹಿಡಿಯುವುದಿರಲಿ, ಮಾರನೆಯ ದಿನದಿಂದ ನನಗೂ ಗೊತ್ತಾಗಲಿಲ್ಲ.

ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ತಾವು ಬರುವ ಮೊದಲು ದೊಡ್ಡಪ್ಪ ಒಂದು ಚಿತ್ರ ತೋರಿಸಬೇಕಾದರೆ ಸುಮ್ಮನೆ ತೋರಿಸಿಬಿಡುತ್ತಿದ್ದರು, ಹಿಂದುಮುಂದು ನೋಡುತ್ತಿರಲಿಲ್ಲ. ತಾವು ಬಂದ ಮೇಲೆ ಆ ಚಿತ್ರವನ್ನು ಗುರಾಣಿಯವರು ತಡವಿ ನೋಡಿ ಗೂಬೆಯವರಿಗೆ ಕೊಟ್ಟು, ಗೂಬೆಯವರು ಕತ್ತು ಪೂರ್ತಿ ತಿರುಗಿಸಿ ನೋಡಿ ಮುಷ್ಟಿಯವರಿಗೆ ಕೊಟ್ಟು, ಮುಷ್ಟಿಯವರು ಗುದ್ದಿ ನೋಡಿ, ಅಷ್ಟರಲ್ಲಿ ಅದು ಬೇರೆಯವರ ಕೈ ತಾಗಿದ ಚಿತ್ರವಾಯಿತೆಂದು ಗುರಾಣಿಯವರು ಮತ್ತೆ ಮೊದಲಿನಿಂದ ತಡವುತ್ತಿದ್ದರು. ನಾನು ಒಂದು ಗುಂಡಿ ಒತ್ತಿ, ಅಂಗಡಿಗೆ ಹೋಗಿ, ಒಂದು ಬೀರುವಿನ ಕೀಲಿಕೈ ಕೊರೆದು, ಗಿರಾಕಿಯ ಹತ್ತಿರ ಬೈಸಿಕೊಂಡು, ಟೀ ಕುಡಿದು ಬಂದರೂ ಪರದೆಯ ಮೇಲಿನ ಚಕ್ರ ಇನ್ನೂ ತಿರುಗುತ್ತಲೇ ಇರುತ್ತಿತ್ತು. ಕೂತಲ್ಲಿ ಕೂರಲಾರದವನಿಗೆ ತಾಳ್ಮೆ ಕಲಿಸಲು ನಮ್ಮ ಮೇಷ್ಟ್ರುಗಳಿಂದ ಆಗದ್ದು ತಮ್ಮಿಂದ ಆಯಿತು. ದೊಡ್ಡಪ್ಪನ ಫ್ಯಾನಿನ ಸದ್ದು ಎಷ್ಟು ಏರಿತೆಂದರೆ, ಪಕ್ಕದ ಮನೆಯವರು ನಾವು ಹಿಟ್ಟಿನ ಗಿರಣಿ ಇಟ್ಟಿದ್ದೇವೆಂದು ತಿಳಿದು ಗೋಧಿ ಹಿಡಿದುಕೊಂಡು ಬಂದರು.

ಆಮೇಲೆ ತಮ್ಮ ತಮ್ಮಲ್ಲೇ ಶುರುವಾಯಿತು. ‘ಅಪಾಯ ಪತ್ತೆಯಾಗಿದೆ’ ಎಂದು ಗುರಾಣಿಯವರು ಹಲಗೆ ಎತ್ತಿದರು. ನೋಡಿದರೆ ಅಪಾಯ ಗೂಬೆಯವರು. ‘ಅನುಮಾನಾಸ್ಪದ ನಡವಳಿಕೆ’ ಎಂದು ಗೂಬೆಯವರು ದೂರು ಕೊಟ್ಟರು. ನಡವಳಿಕೆ ಮುಷ್ಟಿಯವರದು. ಮುಷ್ಟಿಯವರು ಯಾರನ್ನೂ ಹೆಸರಿಸದೆ ‘ಇಲ್ಲಿ ಯಾರೋ ಇದ್ದಾರೆ’ ಎಂದು ದಿನವಿಡೀ ಕೂಗುತ್ತಿದ್ದರು. ಮೂವರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿರಿ, ಒಬ್ಬರನ್ನೊಬ್ಬರು. ಅಷ್ಟು ಕಾವಲಿನ ನಡುವೆ ನಿಜವಾದ ವೈರಸ್ಸೊಂದು ಬಂದಿದ್ದರೂ ಜಗಳ ನೋಡಿ ಹೆದರಿ ಓಡಿಹೋಗುತ್ತಿತ್ತು. ಆ ಮಟ್ಟಿಗೆ ತಮ್ಮ ರಕ್ಷಣೆ ಪೂರ್ಣವಾಗಿತ್ತೆಂದು ಒಪ್ಪುತ್ತೇನೆ. ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದೆವು. ಅವರು ಬೆನ್ನು ಬಿಚ್ಚಿ ಊದಿ, ‘ಧೂಳು’ ಎಂದು ಹೇಳಿ ಹೋದರು. ಅವರು ಎಲ್ಲಿಗೆ ಹೋದರೂ ಧೂಳು ಎಂದೇ ಹೇಳುವುದು.

ಇನ್ನು ಫೈರ್‌ವಾಲಿನ ವಿಷಯ. ಅದು ತಮ್ಮ ಪೈಕಿಯಲ್ಲ, ದೊಡ್ಡಪ್ಪನ ಸ್ವಂತದ್ದು. ಒಳಗೆ ಬರುವ, ಹೊರಗೆ ಹೋಗುವ ಹೊಸಬರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ, ‘ಬಿಡಲೇ? ತಡೆಯಲೇ?’ ಎಂದು ಕೇಳುವುದು ಅದರ ಕೆಲಸ. ಕೇಳುವ ಹೊತ್ತಿನಲ್ಲಿ ಇಸ್ಪೀಟು ಆಡುತ್ತ ಎದುರಿಗಿರುತ್ತಿದ್ದವರು ಅಜ್ಜಿ. ಅಜ್ಜಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಗೇಟು ಕಾಯುವ ಕೆಲಸ ಮಾಡಿ ನಿವೃತ್ತರಾದವರು. ಅಣ್ಣ ಎಂದು ಬಂದವರು, ಮಾವ ಎಂದು ಬಂದವರು, ಪುಸ್ತಕ ಕೊಡಬೇಕಿತ್ತು ಎಂದು ಬಂದವರು, ಎಲ್ಲರನ್ನೂ ಅವರು ನೋಡಿದ್ದಾರೆ. ಕೆಲಸ ಬಿಟ್ಟ ದಿನದಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಈಗ ಒಂದು ಯಂತ್ರ ಮರ್ಯಾದೆಯಿಂದ ‘ಬಿಡಲೇ, ತಡೆಯಲೇ’ ಎಂದು ಕೇಳಿದ್ದೇ ತಡ, ಅಜ್ಜಿ ಸೆರಗು ಸಿಕ್ಕಿಸಿಕೊಂಡು ಹಾಜರಿಗೆ ನಿಂತರು.

‘ಯಾರು ನೀನು? ತಂದೆ ಹೆಸರೇನು? ಯಾರನ್ನ ನೋಡಬೇಕು?’ ಎಂದು ಪರದೆಯನ್ನು ಕೇಳುವುದು, ಉತ್ತರ ಬರದಿದ್ದರೆ ‘ತಡೆ’ ಒತ್ತುವುದು. ಉತ್ತರ ಯಾವತ್ತೂ ಬರಲಿಲ್ಲ. ಪ್ರಿಂಟರ್ ಬಂತು, ತಡೆದರು. ಅಪ್ಪನ ಬೀಗದ ಚಿತ್ರಗಳು ಬಂದವು, ತಡೆದರು. ದೊಡ್ಡಪ್ಪನ ಆರೋಗ್ಯ ವಿಚಾರಿಸಲು ಬರುತ್ತಿದ್ದ ಅಪ್‌ಡೇಟನ್ನೂ ಬಿಡಲಿಲ್ಲ. ‘ಅಪ್‌ಡೇಟು ಅಂತ ಒಬ್ಬ ದಿನಾ ಬರ್ತಾನೆ ಕಣೋ, ನಾಚಿಕೆ ಇಲ್ಲದೋನು. ನಾನಿರೋವರೆಗೂ ಅವನ ಆಟ ನಡೆಯಲ್ಲ,’ ಎಂದರು. ಆರು ಗಂಟೆಯಾದ ಮೇಲಂತೂ ಯಾರು ಎಂದು ಕೇಳುವುದೂ ಇಲ್ಲ, ನೇರ ತಡೆ. ಅಜ್ಜಿಯ ಕೈಯಲ್ಲಿ ‘ಬಿಡಿ’ ಎಂಬ ಗುಂಡಿ ಒಂದು ದಿನವೂ ಒತ್ತಿಸಿಕೊಳ್ಳಲಿಲ್ಲ.

ಇಷ್ಟೇ ಆಗಿದ್ದರೆ ನಗುತ್ತ ಇದ್ದುಬಿಡುತ್ತಿದ್ದೆವು. ಆದರೆ ನಡುವೆ ಅಕ್ಕನ ವಿಷಯ ಬಂತು.

ನಮ್ಮ ಅಕ್ಕ ನೂಲು-ಗುಂಡಿ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳು ಚಿಕ್ಕವಳಿದ್ದಾಗ ಬಸ್ ನಿಲ್ದಾಣದಲ್ಲಿ ಅಜ್ಜಿಯ ಕೈ ತಪ್ಪಿಸಿಕೊಂಡು ಹೋಗಿದ್ದಳಂತೆ. ಗೇಟು ಕಾಯುವವರ ಕೈಯಿಂದಲೇ ಹುಡುಗಿ ಕಳೆದುಹೋದಳಲ್ಲ ಎಂದು ಅಜ್ಜಿ ನಡು ನಿಲ್ದಾಣದಲ್ಲಿ ಕುಸಿದು ಕೂತಿದ್ದಾಗ, ತಲೆಯ ಮೇಲಿನ ಧ್ವನಿವರ್ಧಕದಲ್ಲಿ ಒಬ್ಬ ಹೆಂಗಸಿನ ದನಿ, ಹಳದಿ ಫ್ರಾಕಿನ ಹುಡುಗಿ ನಮ್ಮ ಕೊಠಡಿಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಾಳೆ, ಮನೆಯವರು ಗಾಬರಿಯಾಗಬಾರದು ಎಂದಿತಂತೆ. ಆವತ್ತಿನಿಂದ ಅಕ್ಕನಿಗೆ ಬೇರೆ ಯಾವ ಕೆಲಸವೂ ಕೆಲಸವೆನಿಸಿಲ್ಲ. ಮನೆಯಲ್ಲೂ ಹಾಗೇ. ‘ಅಜ್ಜಿಯವರ ಗಮನಕ್ಕೆ, ತಮ್ಮ ಸ್ನಾನದ ನೀರು ಕಾದು ಸಿದ್ಧವಾಗಿದ್ದು, ಇನ್ನು ಕೆಲವೇ ಕ್ಷಣಗಳಲ್ಲಿ ತಣ್ಣಗಾಗಲಿದೆ,’ ಎಂದು ಅಡುಗೆಮನೆಯಿಂದ ಹೇಳಿದರೆ ಬೀದಿಯಲ್ಲಿ ಹೋಗುವವರೂ ಸ್ನಾನಕ್ಕೆ ಹೊರಡಬೇಕು, ಅಂಥ ದನಿ.

ಆ ನಿಲ್ದಾಣದ ಹಳೆಯ ಉದ್ಘೋಷಕಿ ನಿವೃತ್ತರಾಗುವವರೆಗೆ ಅಕ್ಕ ಕಾದಳು. ಜಾಗ ಇದ್ದದ್ದು ಒಂದು, ಪರೀಕ್ಷೆ ಒಂದೇ ಸಲ. ದನಿ ಪರೀಕ್ಷೆಯನ್ನು ಅಭ್ಯರ್ಥಿಗಳು ಮನೆಯಲ್ಲೇ, ಸ್ವಂತ ಕಂಪ್ಯೂಟರಿನ ಮುಂದೆ ಕೂತು ಕೊಡಬೇಕು, ಮೊಬೈಲ್ ನಡೆಯುವುದಿಲ್ಲ, ಹಿಂದೆ ಬೇರೆ ಯಾರ ದನಿಯೂ ಕೇಳಬಾರದು ಎಂದು ಹೇಳಿ, ಅದಕ್ಕಾಗಿಯೇ ಒಂದು ಪುಟ್ಟ ಪ್ರೋಗ್ರಾಂ ಕಳಿಸಿದರು. ಹಿಂದಿನ ದಿನ ಸಂಜೆ ಅದನ್ನು ದೊಡ್ಡಪ್ಪನೊಳಗೆ ಹಾಕಿದೆ.

ಆಗ ತಮ್ಮ ಒಗ್ಗಟ್ಟನ್ನು ಮೊದಲ ಬಾರಿಗೆ ಕಂಡೆ. ಯಾವ ವಿಷಯದಲ್ಲೂ ಒಮ್ಮತವಿಲ್ಲದ ಮೂವರೂ, ಹೊಸ ಮುಖವೆಂಬ ಒಂದೇ ಕಾರಣಕ್ಕೆ ಆ ಬಡಪಾಯಿ ಪ್ರೋಗ್ರಾಮಿನ ಒಬ್ಬರು ಕುತ್ತಿಗೆ, ಒಬ್ಬರು ಸೊಂಟ, ಒಬ್ಬರು ಕಾಲು ಹಿಡಿದು ಎಳೆದಿರಿ. ಅದು ಹೇಗೋ ನುಸುಳಿಕೊಂಡು ಬಾಗಿಲವರೆಗೆ ಹೋದರೆ ಅಲ್ಲಿ ಆರು ಗಂಟೆ ಮೀರಿತ್ತು, ಅಜ್ಜಿ ಇದ್ದರು.

‘ಅಜ್ಜಿ, ಅದು ಅಕ್ಕನ ಪರೀಕ್ಷೆಯದು!’

‘ಹಾಸ್ಟೆಲ್ಲಿಗೂ ಹಂಗೇ ಬರ್ತಿದ್ರು. ಪರೀಕ್ಷೆ ಇದೆ, ನೋಟ್ಸ್ ಕೊಡಬೇಕು ಅಂತ. ಬೆಳಿಗ್ಗೆ ಬರಕ್ಕೆ ಹೇಳು.’

ಬೆಳಿಗ್ಗೆ ಬಂತು. ಹನ್ನೊಂದು ಗಂಟೆಗೆ ಪರೀಕ್ಷೆ. ಹತ್ತು ಗಂಟೆಗೇ ದೊಡ್ಡಪ್ಪನನ್ನು ಎಬ್ಬಿಸಿದೆ. ತಾವು ಮೂವರೂ ಎಬ್ಬಿಸುವುದಕ್ಕೆ ಮೊದಲೇ ಎದ್ದು ಕಾದಾಟಕ್ಕಿಳಿದಿದ್ದಿರಿ. ಅಕ್ಕ ದನಿ ಉಳಿಸಿಕೊಳ್ಳಲೆಂದು ಬೆಳಗಿನಿಂದ ತುಟಿ ಪಿಟಕ್ಕೆನ್ನದೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಬಿಸಿನೀರು ಗುಟುಕರಿಸುತ್ತ ಕೂತಿದ್ದಳು. ಪರದೆಯಲ್ಲಿ ಚಕ್ರ ತಿರುಗಿತು. ಅಕ್ಕ ಗಡಿಯಾರದ ಕಡೆ ಬೆರಳು ತೋರಿಸಿದಳು. ಚಕ್ರ ತಿರುಗಿತು. ಅಕ್ಕ ನನ್ನ ಕುತ್ತಿಗೆಯ ಕಡೆ ತೋರಿಸಿ, ಎರಡೂ ಕೈಯಿಂದ ಹಿಚುಕುವ ಅಭಿನಯ ಮಾಡಿದಳು. ಮುಷ್ಟಿಯವರನ್ನು ನಿಲ್ಲಿಸೋಣವೆಂದರೆ ನನ್ನ ಪಾಸ್‌ವರ್ಡು ನನಗೆ ಗೊತ್ತಿಲ್ಲ. ಗೂಬೆಯವರನ್ನು ನಿಲ್ಲಿಸಲು ಅಕ್ಕ ತನ್ನದನ್ನು ಒತ್ತಿದರೆ, ಒಂದು ಅಕ್ಷರ ಪರದೆಗೆ ಬರುವಷ್ಟರಲ್ಲಿ ಬಿಸಿನೀರು ಒಂದು ಗುಟುಕು ತಣ್ಣಗಾಗುತ್ತಿತ್ತು. ಗುರಾಣಿಯವರ ಪಾಸ್‌ವರ್ಡು ಅಪ್ಪನ ಹತ್ತಿರ, ಅಪ್ಪ ಊರಿನ ಆ ತುದಿಯಲ್ಲಿ. ಯಾರೋ ಸಂಗೀತದ ಮೇಷ್ಟ್ರು ಸ್ನಾನದಮನೆಯಲ್ಲಿ ಚಿಲಕ ಸಿಕ್ಕಿಕೊಂಡು ಒಳಗೇ ಉಳಿದಿದ್ದಾರೆಂದು ಬೆಳಿಗ್ಗೆಯೇ ಸ್ಕೂಟರ್ ಹತ್ತಿ ಹೋಗಿದ್ದರು.

ಅಕ್ಕನ ಮೊಬೈಲಿನಿಂದ ಅಪ್ಪನಿಗೆ ಫೋನ್ ಮಾಡಿದೆ.

‘ಅಪ್ಪಾ, ಗುರಾಣಿ ಪಾಸ್‌ವರ್ಡ್ ಹೇಳು, ಬೇಗ!’

‘ಫೋನಲ್ಲಿ ಕೀಲಿಕೈ ಕೊಡ್ತಾರೇನೋ? ಇಷ್ಟು ವರ್ಷ ಅಂಗಡೀಲಿ ಕೂತು ಇದನ್ನೇ ಕಲಿತಿದ್ದು?’

‘ಅಕ್ಕನ ದನಿ ಪರೀಕ್ಷೆ ಹೋಗ್ತಿದೆ ಅಪ್ಪಾ!’ ಎಂದು ಕಿರುಚಿದೆ.

‘ಇವರನ್ನ ಬಿಡಿಸಿ ಬಂದೆ ಇರು. ಹೊರಟೆ ಅಂದ್ಕೋ.’

ಅಷ್ಟರಲ್ಲಿ ಹಿಂದಿನಿಂದ, ಸ್ನಾನದಮನೆಯ ಗೋಡೆಗಳಿಗೆಲ್ಲ ಬಡಿದು ಗುಂಯ್ಗುಡುವ ಒಂದು ದನಿ ಕೇಳಿತು. ‘ಸ್ವಾಮೀ, ನಾನು ಇನ್ನೂ ಅರ್ಧ ದಿನ ಬೇಕಾದ್ರೂ ಇಲ್ಲೇ ಇರ್ತೀನಿ. ದನಿ ಪರೀಕ್ಷೆ ಅಂತಿದಾರೆ, ಹೇಳಿಬಿಡಿ ಸ್ವಾಮೀ!’

ಅಪ್ಪನ ಜೀವಮಾನದ ನಿಯಮವೊಂದು ಒಳಗೆ ಕಿರುಗುಟ್ಟುತ್ತಿರುವುದು ನನಗೆ ಇಲ್ಲಿಗೇ ಕೇಳಿಸಿತು. ಆಮೇಲೆ ಮೆಲ್ಲಗೆ, ಬಾಯಿಗೆ ಕೈ ಅಡ್ಡ ಹಿಡಿದಂತೆ, ಪಾಸ್‌ವರ್ಡ್ ಹೇಳಿದರು. ಅದು ಅಕ್ಕನ ಹೆಸರು.

ಇನ್ನು ಮುಂದೆ ನಡೆದದ್ದರ ಕೀರ್ತಿಯೆಲ್ಲ ತಮಗೇ ಸಲ್ಲಬೇಕು. ಆ ಕ್ಷಣಕ್ಕೇ ಗೂಬೆಯವರು ಎಂದಿನಂತೆ ಹಲಗೆ ಎತ್ತಿ, ‘ಮುಷ್ಟಿಯಿಂದ ಅಪಾಯವಿದೆ, ತೆಗೆದುಹಾಕಲೇ?’ ಎಂದು ಕೇಳಿದರು. ಇಷ್ಟು ದಿನ ಇಂಥ ಹಲಗೆಗಳಿಗೆಲ್ಲ ‘ಬೇಡ’ ಎಂದೇ ಒತ್ತಿ ಸಂಧಾನ ಮಾಡುತ್ತಿದ್ದೆ. ತಾವು ಒಬ್ಬರ ಬಗ್ಗೆ ಒಬ್ಬರು ಹೇಳುತ್ತಿರುವುದು ನಿಜವೇ ಇರಬಹುದಲ್ಲ ಎಂದು ನನಗೆ ಹೊಳೆದದ್ದು ಆಗ. ‘ಹೌದು’ ಒತ್ತಿದೆ. ಗೂಬೆಯವರು ಮುಷ್ಟಿಯವರನ್ನು ಹೊತ್ತುಕೊಂಡು ಹೋಗಿ ಕತ್ತಲ ಕೋಣೆಯಲ್ಲಿ ಕೂಡಿಹಾಕಿದರು. ಅದನ್ನು ನೋಡಿದ ಗುರಾಣಿಯವರು, ‘ಗೂಬೆಯಿಂದ ಅಪಾಯವಿದೆ, ತೆಗೆದುಹಾಕಲೇ?’ ಎಂದರು. ದಯವಿಟ್ಟು ಎಂದು ಹೇಳುವ ಗುಂಡಿ ಇರಲಿಲ್ಲ, ಹಾಗಾಗಿ ಬರೀ ‘ಹೌದು’ ಒತ್ತಿದೆ. ಗೂಬೆಯವರೂ ಹೋದರು. ಗೆದ್ದವರ ಗತ್ತಿನಲ್ಲಿ ಒಬ್ಬರೇ ನಿಂತಿದ್ದ ಗುರಾಣಿಯವರ ಕಿವಿಯಲ್ಲಿ ಅಕ್ಕನ ಹೆಸರು ಹೇಳಿದೆ. ಅವರೂ ತಲೆ ಬಗ್ಗಿಸಿ ಹೊರಟುಹೋದರು.

ಮಹನೀಯರೇ, ದೊಡ್ಡಪ್ಪನ ಫ್ಯಾನು ನಿಂತುಬಿಟ್ಟಿತೇನೋ ಎಂದು ನಾನು ಕಿವಿಗೊಟ್ಟೆ. ನಿಂತಿರಲಿಲ್ಲ, ಸದ್ದು ಮಾಡುವುದನ್ನು ಬಿಟ್ಟಿತ್ತು. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬಂತು. ಕಂಪ್ಯೂಟರಿನ ಜೊತೆಗೇ ಬಂದ ಕಾವಲು ಈಗ ಕೆಲಸಕ್ಕೆ ಹಾಜರಾಗಿದೆ ಎಂದಿತ್ತು. ಹಾಗೊಬ್ಬರು ಮನೆಯಲ್ಲಿದ್ದಾರೆಂದೇ ನಮಗೆ ಗೊತ್ತಿರಲಿಲ್ಲ. ದೊಡ್ಡಪ್ಪನೊಂದಿಗೇ ಬಂದವರು, ತಾವು ಬಂದ ದಿನ ತಮಗೆ ಕುರ್ಚಿ ಬಿಟ್ಟುಕೊಟ್ಟು ಹಿಂದೆ ಸರಿದು ನಿಂತವರು. ಅವರು ಪರೀಕ್ಷೆಯ ಪ್ರೋಗ್ರಾಮನ್ನು ಒಮ್ಮೆ ನೋಡಿದರು, ಅದರ ಗುರುತು ಪರಿಶೀಲಿಸಿದರು, ಸರಿ ಹೋಗು ಎಂದರು. ಹಲಗೆಯಿಲ್ಲ, ಕೂಗಾಟವಿಲ್ಲ. ಅದು ಓಡಿಹೋಗಿ ಕೊನೆಯ ಬಾಗಿಲಲ್ಲಿ ನಿಂತಿತು.

‘ಬಿಡಲೇ? ತಡೆಯಲೇ?’ ಎಂದಿತು ಫೈರ್‌ವಾಲು.

ನಾನು ಕೈ ಚಾಚುವ ಮೊದಲೇ ಅಜ್ಜಿ ಮೌಸಿನ ಮೇಲೆ ಕೈಯಿಟ್ಟಿದ್ದರು. ಎಷ್ಟೆಂದರೂ ಅದು ಅವರ ಗೇಟು. ಅಕ್ಕ ಬಾಯಿ ಬಿಡಲಾರದೆ ಅಜ್ಜಿಯ ಮುಖವನ್ನೇ ನೋಡಿದಳು. ನಾನು ಜೀವನದಲ್ಲಿ ಮೊದಲ ಸಲ ಅಲ್ಲಾಡದೆ ನಿಂತೆ.

‘ಇವನೇನು ಇವಳನ್ನ ಕರ್ಕೊಂಡು ಹೋಗಕ್ಕೆ ಬಂದಿಲ್ಲ, ಅಲ್ವೇನೋ?’ ಎಂದು ಕೇಳಿದರು.

‘ಇಲ್ಲ ಅಜ್ಜಿ. ದನಿ ಕೇಳಕ್ಕೆ ಬಂದಿದಾನೆ.’

‘ಆವತ್ತು ಆ ದನಿ ಬರದೇ ಇದ್ದಿದ್ರೆ ನನಗೆ ಇವಳು ಸಿಗ್ತಿರಲಿಲ್ಲ,’ ಎಂದರು ಅಜ್ಜಿ. ‘ಕೇಳಲಿ ಬಿಡು.’

ಒತ್ತಿದರು. ಗುಂಡಿ ಎಲ್ಲಿದೆಯೆಂದು ಅಭ್ಯಾಸವಿಲ್ಲದೆ ಸ್ವಲ್ಪ ಹುಡುಕಿ, ‘ಬಿಡಿ’ ಎಂಬುದನ್ನೇ ಒತ್ತಿದರು. ಒತ್ತಿದವರೇ ಎದ್ದು ಹೋಗಿ ಮುಂಬಾಗಿಲ ಅಗಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತರು. ಪರೀಕ್ಷೆ ಮುಗಿಯುವ ತನಕ ಒಂದು ಇರುವೆಯೂ ಒಳಗೆ ಬರುವ ಹಾಗಿರಲಿಲ್ಲ.

ಅಕ್ಕ ಮಫ್ಲರ್ ತೆಗೆದಳು. ಪರದೆಯ ಮೇಲೆ ಓದಬೇಕಾದದ್ದು ಮೂಡಿತು. ನಿಲ್ದಾಣದಲ್ಲಿ ಯಾರೋ ಮರೆತುಹೋದ ಕಪ್ಪು ಕೊಡೆಯ ಪ್ರಕಟಣೆ. ಅದನ್ನು ಅವಳು ಓದಿದ್ದನ್ನು ತಾವು ಕೇಳಬೇಕಿತ್ತು. ಹಿಡಿಕೆ ಸ್ವಲ್ಪ ಸವೆದಿರುವ, ಒಂದು ಕಡ್ಡಿ ಬಾಗಿರುವ ಕೊಡೆಯೊಂದು ತಮ್ಮವರಿಗಾಗಿ ವಿಚಾರಣೆ ಕೊಠಡಿಯಲ್ಲಿ ಕಾದಿದೆ ಎಂದು ಅವಳು ಹೇಳಿದಾಗ, ನಮ್ಮ ಮನೆಯಲ್ಲಿ ಕಪ್ಪು ಕೊಡೆಯೇ ಇಲ್ಲದಿದ್ದರೂ ಹೋಗಿ ತಂದುಬಿಡೋಣವೆನಿಸಿತು. ಕೊಡೆ ಕಳೆದುಕೊಂಡವರ ಎದೆ ಅರ್ಧ ಹಗುರಾಗುವಂತಿತ್ತು. ಅಜ್ಜಿ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು.

ಮುಗಿದ ಮೇಲೆ ಅಗಳಿ ತೆಗೆದರೆ, ಹೊರಗೆ ಮೆಟ್ಟಿಲ ಮೇಲೆ ಅಪ್ಪ. ಎಷ್ಟೋ ಹೊತ್ತಿನಿಂದ ನಿಂತಿದ್ದರಂತೆ, ಅಜ್ಜಿ ಬಾಗಿಲ ಪಕ್ಕದ ಕಿಟಕಿಯಿಂದಲೇ ಬಾಯಿಗೆ ಬೆರಳಿಟ್ಟು ನಿಲ್ಲಿಸಿದ್ದರು. ಪಕ್ಕದಲ್ಲಿ ಸೊಂಟಕ್ಕೆ ಟವೆಲು ಸುತ್ತಿಕೊಂಡು, ಒಂದು ಕಿವಿಯಲ್ಲಿ ಇನ್ನೂ ಸೋಪಿನ ನೊರೆ ಇಟ್ಟುಕೊಂಡ ಸಂಗೀತದ ಮೇಷ್ಟ್ರು. ಚಿಲಕ ಬಿಚ್ಚಿದ ಕೂಡಲೇ, ಆ ದನಿ ಏನಾಯಿತೆಂದು ತಾನೂ ಕೇಳಬೇಕೆಂದು ಹಾಗೇ ಅಪ್ಪನ ಸ್ಕೂಟರ್ ಹತ್ತಿ ಬಂದಿದ್ದರು. ಬಾಗಿಲು ತೆರೆದದ್ದೇ ಅವರು ಕೇಳಿದ್ದು, ‘ಆ ಕೊಡೆ ಯಾರದ್ದಂತೆ? ನನ್ನದೂ ಒಂದು ಕಳೆದಿತ್ತು.’

ಅಕ್ಕನಿಗೆ ಕೆಲಸ ಸಿಕ್ಕಿದೆ. ಅಷ್ಟೂ ದಿನ ಬಾಗಿಲಲ್ಲಿ ಸರದಿ ನಿಂತಿದ್ದ ಅಪ್‌ಡೇಟುಗಳನ್ನೆಲ್ಲ ಅಜ್ಜಿಯ ಅನುಮತಿ ಪಡೆದು ಒಳಗೆ ಬಿಟ್ಟಿದ್ದೇನೆ. ಒಬ್ಬೊಬ್ಬರಾಗಿ, ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂಬುದು ಅಜ್ಜಿಯ ಷರತ್ತು. ದೊಡ್ಡಪ್ಪನಿಗೆ ವಯಸ್ಸು ಹೋಗಿಲ್ಲ, ಆದರೆ ಕೆಮ್ಮು ಹೋಗಿದೆ. ಮನೆಗೆ ಒಂದೇ ಕಾವಲು, ಒಂದೇ ಬಾಗಿಲು, ಬಾಗಿಲಲ್ಲಿ ಅಜ್ಜಿ. ಅಪ್ಪ ಮಾತ್ರ ಮುಂಬಾಗಿಲ ಮೂರು ಬೀಗಗಳನ್ನು ಬಿಟ್ಟುಕೊಟ್ಟಿಲ್ಲ. ಮೂರಕ್ಕೂ ಹೊಂದುವ ಒಂದೊಂದು ಹೆಚ್ಚಿನ ಕೀಲಿಕೈ ಕೊರೆದು ಎಲ್ಲರಿಗೂ ಹಂಚಿರುವುದನ್ನು ಸೋಲೆಂದು ಕರೆಯಬಾರದು ಎಂದಿದ್ದಾರೆ.

ಕೊನೆಯದಾಗಿ ಕೆಲವು ಕೋರಿಕೆಗಳು. ಇಷ್ಟು ಚುರುಕಾಗಿ ಪರಸ್ಪರ ಹಿಡಿಯಬಲ್ಲ ತಾವು ಒಂದು ತಂಡ ಕಟ್ಟಿ, ಜಗತ್ತಿ‌ನಲ್ಲಿ ವೈರಸ್ಸು ಬರೆಯುವವರ ಕಂಪ್ಯೂಟರುಗಳಿಗೇ ಕಾವಲಿಗೆ ಹೋಗಬೇಕು. ಮೂವರೂ ಒಟ್ಟಿಗೆ ಹೋದರೆ ಅವರು ಒಂದು ಅಕ್ಷರವನ್ನೂ ಬರೆಯಲಾರರು, ಇದು ನನ್ನ ಗ್ಯಾರಂಟಿ. ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂದು ಅಪ್ಪನ ಮೊಬೈಲಿಗೆ ದಿನವೂ ಸಂದೇಶ ಕಳಿಸುವುದನ್ನು ಮುಂದುವರಿಸಿದರೆ, ಕೆಳಗೆ ತಮ್ಮ ತಂದೆಯ ಹೆಸರನ್ನೂ ಬರೆಯಬೇಕು. ಮತ್ತು ಮುಷ್ಟಿಯವರೇ, ನಾನು ತಮಗೆ ಇಟ್ಟ ಆ ಪಾಸ್‌ವರ್ಡು ಏನೆಂದು ತಮಗಾದರೂ ನೆನಪಿದ್ದರೆ ತಿಳಿಸಬೇಕು. ಅದನ್ನೇ ನನ್ನ ಮೊಬೈಲಿಗೂ ಇಟ್ಟಿದ್ದೇನೆ.

ಬಾಗಿಲಿನ ಈಚೆ ಬದಿಯಿಂದ ಸಕಲ ಮರ್ಯಾದೆಗಳೊಂದಿಗೆ,

ತಮ್ಮ ವಿಶ್ವಾಸಿ, ಆದರೆ ಒಮ್ಮೆಗೆ ಒಬ್ಬರಿಗೆ ಮಾತ್ರ,
ಬೀಗದಂಗಡಿಯವರ ಮಗ

ಮರೆತ ಮಾತು: ಅಕ್ಕ ನಿನ್ನೆ ಕೆಲಸಕ್ಕೆ ಸೇರಿದಳು. ಅವಳ ಮೇಜಿನ ಮೇಲಿನ ಕಂಪ್ಯೂಟರು ನಮ್ಮ ದೊಡ್ಡಪ್ಪನಿಗೂ ಅಣ್ಣನಂತೆ, ಮತ್ತು ಅದರ ಪರದೆಯ ಮೂಲೆಯಲ್ಲಿ ಗೂಬೆಯವರೂ ಮುಷ್ಟಿಯವರೂ ಅಕ್ಕಪಕ್ಕ ಕೂತಿದ್ದಾರಂತೆ. ಬಸ್ಸು ಎರಡನೇ ಅಂಕಣದಿಂದ ಹೊರಡಲಿದೆ ಎಂದು ಅಕ್ಕ ಹೇಳಿದ್ದನ್ನು ತಾವಿಬ್ಬರೂ ಪರಿಶೀಲಿಸಿ ಧ್ವನಿವರ್ಧಕಕ್ಕೆ ಬಿಡುವಷ್ಟರಲ್ಲಿ ಬಸ್ಸು ಊರು ದಾಟಿತ್ತಂತೆ. ವಿಷಯ ಕೇಳಿದ ಅಜ್ಜಿ ಇಸ್ಪೀಟು ಅರ್ಧಕ್ಕೇ ಬಿಟ್ಟು, ಸೆರಗು ಸಿಕ್ಕಿಸಿ, ಚಪ್ಪಲಿ ಮೆಟ್ಟಿ ನಿಲ್ದಾಣದ ಕಡೆ ಹೊರಟಿದ್ದಾರೆ. ಈ ಪತ್ರ ತಮಗೆ ತಲುಪುವ ಮೊದಲೇ ಅವರು ತಲುಪಬಹುದು. ಉತ್ತರ ಸಿದ್ಧವಿಟ್ಟುಕೊಳ್ಳಿ; ಮೊದಲ ಪ್ರಶ್ನೆ ಯಾವುದೆಂದು ತಮಗೆ ಗೊತ್ತೇ ಇದೆ.